ಗುಳಿಕೆನ್ನೆಯ ಹಲ್ಲು, ಅಕ್ಕನ ಬಾಯಿ

ನಮ್ಮ ಭಾವನನ್ನು ಯಾರಾದರೂ ಸಿನಿಮಾ ಹುಚ್ಚ ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹಾಗೆನ್ನುವ ಹಕ್ಕು ಇರುವುದು ನನಗೆ ಮತ್ತು ನಮ್ಮ ಅಕ್ಕನಿಗೆ ಮಾತ್ರ. ಅಷ್ಟಕ್ಕೂ ಅವರಿಗೆ ಸಿನಿಮಾದ ಕಥೆ ಬೇಡ, ಹಾಡು ಬೇಡ, ಹೊಡೆದಾಟ ಬಂದರೆ ಎದ್ದು ಹೋಗಿ ನೀರು ಕುಡಿದು ಬರುತ್ತಾರೆ. ಅವರಿಗೆ ಬೇಕಾದವರು ನಟಿಯರು. ಆ ನಟಿ ಒಂದು ಸಲ ಬಾಯ್ತುಂಬ ನಕ್ಕರೆ ಸಾಕು, ಕೊಟ್ಟ ಕಾಸು ವಸೂಲು. ಅಳುವ ಪಾತ್ರ ಮಾಡುವವರನ್ನು ಕಂಡರೆ ಅವರಿಗಾಗದು. ‘ಬಾಯೇ ಬಿಡೋದಿಲ್ಲ ಅಂದ್ಮೇಲೆ ನಟಿ ಯಾಕಾಗಬೇಕಿತ್ತು?’ ಎಂದು ಟಿವಿಯನ್ನೇ ಗದರುತ್ತಾರೆ.

ಇದಕ್ಕೆಲ್ಲ ಅವರ ಕಸುಬೇ ಕಾರಣ. ಭಾವ ಹಲ್ಲು ಕಟ್ಟುವವರು. ಕ್ಲಿನಿಕ್ಕಿನ ಮುಂದಿನ ಕೋಣೆಯಲ್ಲಿ ಡಾಕ್ಟರಮ್ಮ ಹಲ್ಲು ಕೀಳುತ್ತಾರೆ, ಹಿಂದಿನ ಕೋಣೆಯಲ್ಲಿ ಭಾವ ಹೊಸ ಹಲ್ಲಿನ ಸೆಟ್ ಮಾಡುತ್ತಾರೆ, ಇವರಿಬ್ಬರ ನಡುವಿನ ಮೇಜಿನಲ್ಲಿ ಕುಳಿತು ಟೋಕನ್ ಕೊಡುವವಳು ನಾನು. ಭಾವನ ಕೋಣೆಯ ತುಂಬ ಸುಣ್ಣದಂಥ ಪುಡಿ, ಗುಲಾಬಿ ಬಣ್ಣದ ಮೇಣ, ಉರಿಯುವ ಪುಟ್ಟ ಸ್ಪಿರಿಟ್ ದೀಪ. ಗೋಡೆಯ ತುಂಬ ನಟಿಯರು. ಪತ್ರಿಕೆಗಳಿಂದ ಕತ್ತರಿಸಿ ಅಂಟಿಸಿದ ಚಿತ್ರಗಳು, ಒಬ್ಬೊಬ್ಬರದೂ ಮೂಗಿನಿಂದ ಗಲ್ಲದವರೆಗೆ ಮಾತ್ರ. ಕಣ್ಣು, ಹಣೆ, ಕೂದಲೆಲ್ಲ ಕತ್ತರಿಗೆ ಹೋಗಿರುತ್ತವೆ. ಹೊಸಬರು ಒಳಗೆ ಕಾಲಿಟ್ಟರೆ ಬರೀ ಬಾಯಿಗಳು ನಗುವುದನ್ನು ಕಂಡು ಒಂದು ಹೆಜ್ಜೆ ಹಿಂದೆ ಇಡುತ್ತಾರೆ.

ನಟಿಯರ ಹೆಸರನ್ನು ಭಾವ ಹೇಳುವುದಿಲ್ಲ. ಅವರೇ ಇಟ್ಟ ಹೆಸರುಗಳಿವೆ. ಸಿನಿಮಾದ ದೊಡ್ಡ ನಾಯಕಿ ಒಬ್ಬಳು ಗುಳಿಕೆನ್ನೆ. ಅವಳ ಹಲ್ಲು ಸಾಲಾಗಿ ಪೋಣಿಸಿದ ಹಾಗಿವೆ. ಸಂಜೆ ಏಳೂವರೆಗೆ ಟಿವಿಯಲ್ಲಿ ಬರುವವಳು ಏಳೂವರೆ ಸೊಸೆ. ಮೂರನೆಯವಳು ಓರೆಹಲ್ಲಿನ ರಾಣಿ. ಅವಳ ಒಂದು ಹಲ್ಲು ಪಕ್ಕದ ಹಲ್ಲಿನ ಮೇಲೆ ಕಾಲು ಚಾಚಿ ಕೂತಿತ್ತು. ಹೊಸ ಸಿನಿಮಾಕ್ಕೆಂದು ಅವಳು ಅದನ್ನು ನೆಟ್ಟಗೆ ಮಾಡಿಸಿಕೊಂಡಾಗ ಭಾವ ಊಟ ಬಿಟ್ಟರು. ‘ಯಾವ ಕಟುಕ ಡಾಕ್ಟರ್ ಮಾಡಿದ್ನೋ! ಆ ಒಂದು ಹಲ್ಲಲ್ಲೇ ಅವಳಿದ್ದಳು ಕಣೇ,’ ಎಂದು ಅಕ್ಕನ ಮುಂದೆ ಕಣ್ಣಲ್ಲಿ ನೀರು ಹಾಕಿಕೊಂಡರು. ಅಕ್ಕ ಅವರ ತಟ್ಟೆಯನ್ನು ಮತ್ತೆ ಮುಂದಕ್ಕೆ ತಳ್ಳಿ, ‘ಅವಳು ಚೆನ್ನಾಗೇ ಇದಾಳೆ, ನೀವು ಉಣ್ಣಿ,’ ಎಂದಳು.

ಹಲ್ಲು ಕಟ್ಟಿಸಿಕೊಳ್ಳಲು ಬರುವವರು ಸಾಮಾನ್ಯವಾಗಿ ವಯಸ್ಸಾದವರು, ಹಲ್ಲೆಲ್ಲ ಎಂದೋ ಉದುರಿಹೋದವರು. ಕಡಲೆ ಇದ್ದಾಗ ಹಲ್ಲಿಲ್ಲ ಎನ್ನುತ್ತಾರಲ್ಲ, ಆ ಕಾಲದವರು. ‘ನಿಮ್ಮ ಹಳೇ ಹಲ್ಲು ಹೇಗಿತ್ತು?’ ಎಂದು ಭಾವ ಕೇಳಿದರೆ, ‘ಏನೋ ಇತ್ತಪ್ಪ, ಅಗಿಯೋ ಹಾಗಿದ್ರೆ ಸರಿ,’ ಎಂದುಬಿಡುತ್ತಾರೆ. ಆಗ ಭಾವ ಅವರ ಮುಖವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಗೋಡೆಯ ಕಡೆ ಕಣ್ಣು ಹಾಯಿಸಿ, ಯಾವಳೋ ಒಬ್ಬಳನ್ನು ಆರಿಸುತ್ತಾರೆ. ಹೀಗಾಗಿ ನಮ್ಮ ಬೀದಿಯಲ್ಲಿ ನಿವೃತ್ತ ಹೆಡ್‌ಮಾಸ್ಟರು ಏಳೂವರೆ ಸೊಸೆಯ ನಗು ನಗುತ್ತಾರೆ. ಔಷಧಿ ಅಂಗಡಿಯವರ ತಾಯಿ ಮತ್ತು ಬೇಕರಿಯವರ ಅತ್ತೆ ಬಸ್ಸಿನಲ್ಲಿ ಎದುರುಬದುರು ಕೂತು, ‘ನಿಮ್ಮನ್ನ ಎಲ್ಲೋ ನೋಡಿದೀನಲ್ಲಾ,’ ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರಂತೆ. ಇಬ್ಬರ ಬಾಯಲ್ಲೂ ಇದ್ದದ್ದು ಗುಳಿಕೆನ್ನೆಯ ಹಲ್ಲು. ಇಷ್ಟಾದರೂ ಯಾರೂ ದೂರು ಹೇಳಿದ್ದಿಲ್ಲ.

ಭಾವನ ಕೊನೆಯ ಪರೀಕ್ಷೆ ಒಂದಿದೆ. ಹಲ್ಲನ್ನು ಮೊದಲು ಮೇಣದಲ್ಲಿ ನಿಲ್ಲಿಸಿ ಬಾಯಿಗೆ ಇಡುತ್ತಾರೆ, ಆಮೇಲೆ ‘ಸಾಸಿವೆ ಅನ್ನಿ’ ಎನ್ನುತ್ತಾರೆ. ಹಲ್ಲು ಕೂದಲೆಳೆಯಷ್ಟು ಆಚೀಚೆ ಇದ್ದರೂ ಆ ಮಾತಿನಲ್ಲಿ ಗೊತ್ತಾಗುತ್ತದಂತೆ. ಬೆಳಗಿನಿಂದ ಸಂಜೆವರೆಗೆ ಹಿಂದಿನ ಕೋಣೆಯಿಂದ ಸಾಸಿವೆ, ಸಾಸಿವೆ ಎಂದು ಕೇಳಿ ಕೇಳಿ ನನ್ನ ಕಿವಿ ಒಗ್ಗಿಹೋಗಿದೆ.

ಇನ್ನು ನಮ್ಮ ಅಕ್ಕ. ಅವಳು ಬಸ್ ನಿಲ್ದಾಣದಲ್ಲಿ ಮೈಕ್ ಮುಂದೆ ಕುಳಿತು ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಹೇಳುವವಳು. ಅದಕ್ಕೂ ಮೊದಲು, ಹುಡುಗಿಯಾಗಿದ್ದಾಗ, ಚಿತ್ರಮಂದಿರದ ಟಿಕೆಟ್ ಕಿಟಕಿಯಲ್ಲಿದ್ದಳು. ಭಾವ ಅವಳನ್ನು ಮೆಚ್ಚಿದ್ದು ಅಲ್ಲೇ. ಮೆಚ್ಚಿದ್ದು ಎಂದರೆ ಮುಖ ನೋಡಿ ಅಲ್ಲ. ಆ ಕಿಟಕಿಯ ತೂತು ಒಂದು ಕೈ ತೂರುವಷ್ಟಿತ್ತು, ಅಷ್ಟೆ. ಒಳಗಿನಿಂದ ಒಂದು ಕೈ ಬರುತ್ತಿತ್ತು, ‘ಸ್ವಲ್ಪ ಸರಿದು ನಿಂತ್ಕೊಳ್ಳಿ, ಹಿಂದಿನವರಿಗೆ ಜಾಗ ಬಿಡಿ,’ ಎಂಬ ದನಿ ಬರುತ್ತಿತ್ತು. ಭಾವ ಟಿಕೆಟ್ ತೆಗೆದುಕೊಂಡು ಮತ್ತೆ ಸಾಲಿನ ಕೊನೆಗೆ ಹೋಗಿ ನಿಲ್ಲುತ್ತಿದ್ದರಂತೆ. ಒಂದೇ ಆಟಕ್ಕೆ ಅಷ್ಟೊಂದು ಟಿಕೆಟ್ ಕೊಂಡು ಏನು ಮಾಡುತ್ತಿದ್ದರೋ ದೇವರಿಗೇ ಗೊತ್ತು.

ಹೋದ ವರ್ಷ ಅಕ್ಕನ ವಸಡು ಕೆಟ್ಟಿತು. ಒಂದೊಂದೇ ಹಲ್ಲು ಅಲ್ಲಾಡತೊಡಗಿ, ಮೇಲಿನವನ್ನೆಲ್ಲ ತೆಗೆಯಲೇಬೇಕು ಎಂದರು ಡಾಕ್ಟರಮ್ಮ. ಕೀಳುವ ಮೊದಲು ಹಳೆಯ ಹಲ್ಲಿನ ಅಚ್ಚು ತೆಗೆದಿಡುವುದು ಭಾವನ ಪದ್ಧತಿ. ಅಂದು ಡಾಕ್ಟರಮ್ಮನೇ ನೆನಪಿಸಿದರು. ಭಾವ ಕೈಯಾಡಿಸಿ, ‘ಬೇಡ ಬಿಡಿ ಮೇಡಂ. ಇವಳಿಗೆ ನಾನು ಬೇರೇನೇ ಯೋಚನೆ ಮಾಡಿದೀನಿ,’ ಎಂದರು. ಅವರ ಮುಖ ನೋಡಬೇಕಿತ್ತು, ಹಬ್ಬಕ್ಕೆ ಬಟ್ಟೆ ತಂದು ಬಚ್ಚಿಟ್ಟವರ ಹಾಗೆ ಹೊಳೆಯುತ್ತಿತ್ತು. ನಾನೂ ಟೋಕನ್ ಮೇಜಿನಿಂದ ನೋಡಿ ನಕ್ಕೆ.

ವಸಡು ಮಾಗುವವರೆಗೆ ಅಕ್ಕ ಕರ್ಚೀಫು ಅಡ್ಡ ಹಿಡಿದೇ ಇದ್ದಳು. ಅವಳ ನಗು ಅಂಥಿಂಥದ್ದಲ್ಲ, ಮಹಡಿಯಲ್ಲಿ ನಕ್ಕರೆ ಕೆಳಗಿನ ನನ್ನ ಕೋಣೆಯಲ್ಲಿ ಲೋಟ ನಡುಗುತ್ತದೆ. ಅದು ನಿಂತೇ ಹೋಯಿತು. ಭಾವ ಮಾತ್ರ ಬಾಗಿಲು ಹಾಕಿಕೊಂಡು ದಿನವೂ ಮೇಣ ಕೆತ್ತಿದರು. ಕೊನೆಗೆ ಒಂದು ಭಾನುವಾರ ಊಟದ ಮೇಜಿನ ಮೇಲೆ ಡಬ್ಬಿ ಇಟ್ಟು, ‘ಹಾಕ್ಕೋ. ನನ್ನ ಜನ್ಮದಲ್ಲಿ ಇಂಥ ಹಲ್ಲು ಮಾಡಿಲ್ಲ,’ ಎಂದರು.

ಅಕ್ಕ ಹಾಕಿಕೊಂಡಳು. ಕನ್ನಡಿಯ ಮುಂದೆ ನಿಂತು ನಕ್ಕಳು. ಆಹಾ, ಎಂಥ ಹಲ್ಲು! ಸಾಲಾಗಿ, ಬೆಳ್ಳಗೆ, ಒಂದು ಚೂರು ಕೊಂಕಿಲ್ಲ. ಅಕ್ಕನ ನಗು ಅಲ್ಲೇ ಆರಿತು.

‘ಇದು ಗುಳಿಕೆನ್ನೆದು,’ ಎಂದಳು.

‘ಗೊತ್ತಾಯ್ತಾ!’ ಭಾವ ಮಗುವಿನಂತೆ ಕುಣಿದರು. ‘ಊರಿಗೆಲ್ಲ ಕೊಟ್ಟಿದ್ದು ಅಂದಾಜಿಂದು. ಇದು ಅಪ್ಪಟ. ನಿನಗೇ ಅಂತ.’

ಅಕ್ಕ ಹಲ್ಲು ತೆಗೆದು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ‘ಇಷ್ಟು ವರ್ಷ ನನ್ನ ಹಲ್ಲು ನಿಮಗೆ ಹಿಡಿಸ್ತಾನೇ ಇರ್ಲಿಲ್ಲ ಅನ್ನಿ,’ ಎಂದು ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು.

ಅಲ್ಲಿಂದ ಮನೆ ಮನೆಯಾಗಿ ಉಳಿಯಲಿಲ್ಲ. ಅಕ್ಕ ಅಡುಗೆ ಮಾಡಿಡುತ್ತಿದ್ದಳು, ಬಟ್ಟೆ ಮಡಚುತ್ತಿದ್ದಳು, ಬಾಯಿ ಮಾತ್ರ ಬಿಡುತ್ತಿರಲಿಲ್ಲ. ಕೆಲಸಕ್ಕೂ ಹೋಗಲೊಲ್ಲಳು. ಬಸ್ ನಿಲ್ದಾಣದ ಮೇಲಧಿಕಾರಿ ಫೋನ್ ಮಾಡಿ, ರಜೆ ಮುಗಿಯಿತಲ್ಲ, ಮೈಕ್‌ಗೆ ಬೇರೆಯವರನ್ನೇ ಕಾಯಂ ಮಾಡಲೇ ಎಂದು ಕೇಳಿದರು. ನಾನು ಏನೋ ಹೇಳಿ ವಾರದ ಗಡುವು ಕೇಳಿಕೊಂಡೆ.

ಇತ್ತ ಭಾವ ಕ್ಲಿನಿಕ್ಕಿನಲ್ಲಿ ನಟಿಯರ ಗೋಡೆಯ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದರು. ‘ಅಷ್ಟು ಕಷ್ಟಪಟ್ಟು ಮಾಡಿದೆ, ಇವಳಿಗೆ ಬೇಡವಾಯ್ತು,’ ಎಂದು ಗೊಣಗಿದರು. ನನಗೆ ಎಲ್ಲಿತ್ತೋ ಕೋಪ!

‘ಭಾವ, ಆ ಓರೆಹಲ್ಲಿನ ರಾಣಿ ಹಲ್ಲು ನೆಟ್ಟಗಾದಾಗ ಊಟ ಬಿಟ್ರಲ್ಲ, ಕಟುಕ ಅಂತ ಬೈದ್ರಲ್ಲ. ನಮ್ಮಕ್ಕಂದೂ ಓರೆ ಹಲ್ಲೇ. ಅಚ್ಚು ಬೇಡ ಅಂದಾಗ ಎಲ್ಲಿಗೆ ಹೋಗಿತ್ತು ನಿಮ್ಮ ಅಳು? ಹಿತ್ತಲ ಗಿಡ ಮದ್ದಲ್ಲ, ಅಲ್ವಾ?’

ಭಾವ ಗೋಡೆಯ ಬಾಯಿಗಳಿಂದ ಕಣ್ಣು ಕಿತ್ತು ನನ್ನ ಕಡೆ ತಿರುಗಿದರು. ದೀಪದ ಮೇಲಿಟ್ಟ ಚಾಕು ಕಾದು ಕೆಂಪಾಗುತ್ತಿದ್ದರೂ ತೆಗೆಯಲಿಲ್ಲ. ಕೊನೆಗೆ ನಾನೇ ದೀಪ ಆರಿಸಿದೆ.

‘ತಪ್ಪಾಯ್ತು ಕಣಮ್ಮಾ,’ ಎಂದರು. ‘ಅವಳದೇ ಮಾಡಿಕೊಡ್ತೀನಿ. ಅವಳು ನಗ್ತಿರೋ ಒಂದು ಫೋಟೋ ಹುಡುಕಿಕೊಡು.’

ಎಲ್ಲಿಂದ ತರಲಿ? ಹಲ್ಲು ಓರೆ ಎಂದು ಅಕ್ಕ ಫೋಟೋದಲ್ಲಿ ಎಂದೂ ತುಟಿ ಬಿಚ್ಚಿದವಳಲ್ಲ. ಮದುವೆಯ ಆಲ್ಬಮ್ಮಿನಲ್ಲೂ ಯಾರದೋ ಮೇಲೆ ಸಿಟ್ಟಾದವಳ ಹಾಗೆ ಬಾಯಿ ಬಿಗಿದು ನಿಂತಿದ್ದಾಳೆ. ನಾನು ಬರಿಗೈಲಿ ಹೋಗಿ ಹೇಳಿದಾಗ ಭಾವ ಕಣ್ಣು ಮುಚ್ಚಿಕೊಂಡರು. ‘ಗುಳಿಕೆನ್ನೆಯ ಹಲ್ಲು ಒಂದೊಂದೂ ಹೇಳಬಲ್ಲೆ. ಇವಳದು ಎಡಗಡೆ ಓರೆಯೋ ಬಲಗಡೆಯೋ, ನಡುವೆ ಸಂದು ಎಷ್ಟಿತ್ತು, ನನಗೆ ಕಾಣಿಸ್ತಾನೇ ಇಲ್ಲ. ಪಕ್ಕದಲ್ಲೇ ಇದ್ದಳಲ್ಲೇ,’ ಎಂದರು. ಎಡಗಡೆ ಎಂದು ಹೇಳಿದೆ, ಸಂದು ಎಷ್ಟಿತ್ತೆಂದು ನಾನೂ ಹೇಳಲಾರದೆ ಹೋದೆ.

ಅಂದು ಸಂಜೆ ನಾವಿಬ್ಬರೂ ಮನೆಗೆ ಬರುತ್ತ ಬಸ್ ನಿಲ್ದಾಣದ ಮುಂದೆ ಹಾದೆವು. ಅಕ್ಕನ ಜಾಗದಲ್ಲಿ ಕೂತಿದ್ದ ಹೆಂಗಸು ಮೈಕಿನಲ್ಲಿ, ‘ಪ್ರಯಾಣಿಕರು ಸಾಲಾಗಿ ನಿಲ್ಲಬೇಕು,’ ಎಂದಳು. ಭಾವ ಗಕ್ಕನೆ ನಿಂತರು.

‘ಇದರಲ್ಲಿ ಸೀಟಿ ಇಲ್ಲ.’

‘ಏನಿಲ್ಲ?’

‘ನಿಮ್ಮಕ್ಕ ಸಾಲು ಅಂದ್ರೆ, ಸರಿ ಅಂದ್ರೆ, ಹಲ್ಲಿನ ಸಂದೀಲಿ ಸಣ್ಣಗೆ ಒಂದು ಸೀಟಿ ಬರ್ತಿತ್ತು. ಟಿಕೆಟ್ ಕಿಟಕೀಲಿ ನಾನು ಕೇಳ್ತಾ ನಿಂತಿದ್ದದ್ದು ಅದನ್ನೇ!’ ಎಂದು ನನ್ನನ್ನು ಅಲ್ಲೇ ಬಿಟ್ಟು ಕ್ಲಿನಿಕ್ಕಿನ ಕಡೆ ಓಡಿದರು. ಮೇಣ, ದೀಪ, ಚಾಕು, ಹಲ್ಲಿನ ಪೆಟ್ಟಿಗೆ ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಮನೆಗೆ ಬಂದು ಊಟದ ಮೇಜಿನ ಮೇಲೆ ಹರಡಿದರು.

ಅಕ್ಕ ಎಂದಿನಂತೆ ಕೋಣೆಯ ಒಳಗೆ. ಭಾವ ಹಲ್ಲುಗಳನ್ನು ಮೇಣದಲ್ಲಿ ನಿಲ್ಲಿಸಿ, ಎಡಗಡೆಯದನ್ನು ಓರೆ ಮಾಡಿ, ಬಾಗಿಲು ತಟ್ಟಿದರು. ಅಕ್ಕ ತೆರೆಯಲಿಲ್ಲ. ಭಾವ ಗಂಟಲು ಸರಿಮಾಡಿಕೊಂಡು ಹೇಳಿದರು:

‘ಮೇಡಂ, ಒಂದು ಬಾಲ್ಕನಿ ಟಿಕೆಟ್.’

ಒಳಗೆ ಮಂಚ ಕಿರುಗುಟ್ಟಿತು.

‘ಮೇಡಂ, ನಾನು ಮತ್ತೆ ಬಂದಿದೀನಿ. ಇನ್ನೊಂದು ಬಾಲ್ಕನಿ.’

ಬಾಗಿಲು ಒಂದು ಕೈ ತೂರುವಷ್ಟು ತೆರೆಯಿತು. ಅಕ್ಕನ ಕೈ ಹೊರಗೆ ಬಂತು. ಭಾವ ಅದರ ಮೇಲೆ ಮೇಣದ ಹಲ್ಲನ್ನು ಮೆಲ್ಲಗೆ ಇಟ್ಟರು. ‘ಕಚ್ಚಬೇಡ, ಮೇಣ. ಬರೀ ಮಾತಾಡು,’ ಎಂದು ಬಾಗಿಲಿಗೆ ಕಿವಿ ಹಚ್ಚಿದರು.

‘ಏನಂತ ಮಾತಾಡ್ಲಿ?’

‘ಅವತ್ತು ಅಂತಿದ್ದೆಯಲ್ಲ, ಅದೇ.’

ಒಳಗಿನಿಂದ ದನಿ ಬಂತು, ‘ಸ್ವಲ್ಪ ಸರಿದು ನಿಂತ್ಕೊಳ್ಳಿ.’

‘ಸೀಟಿ ಇಲ್ಲ. ಕೊಡಿಲ್ಲಿ.’ ಕೈ ಹೊರಗೆ ಬಂತು. ಭಾವ ಚಾಕು ಕಾಯಿಸಿ ನಡುವಿನ ಎರಡು ಹಲ್ಲನ್ನು ಕೂದಲೆಳೆಯಷ್ಟು ಬಿಡಿಸಿ ಮತ್ತೆ ಕೊಟ್ಟರು. ‘ಸ್ವಲ್ಪ ಸರಿದು ನಿಂತ್ಕೊಳ್ಳಿ.’ ಈ ಸಲ ಸೀಟಿ ಹೆಚ್ಚಾಯಿತು, ಕುಕ್ಕರಿನ ಹಾಗೆ. ನಾನು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕೆ. ಹೀಗೇ ಕೈ ಹೊರಗೆ, ಹಲ್ಲು ಒಳಗೆ. ಟಿವಿಯಲ್ಲಿ ಏಳೂವರೆ ಸೊಸೆ ಬಂದು ಹೋದಳು, ಭಾವ ತಿರುಗಿ ನೋಡಲಿಲ್ಲ.

ಕೊನೆಗೊಂದು ಸಲ ಅಕ್ಕನಿಗೆ ರೇಗಿತು. ‘ಸಾಕು ಮಾಡ್ರೀ, ಸರಿದು ಸರಿದು ನನ್ನ ಬಾಯಿ ಸೋತುಹೋಯ್ತು! ಹಿಂದಿನವರಿಗೆ ಜಾಗ ಬಿಡಿ!’

ಸಣ್ಣಗೆ, ತೆಳ್ಳಗೆ, ದನಿಯ ಹಿಂದೆಯೇ ಬಂತು ಆ ಸೀಟಿ. ನನಗೂ ಕೇಳಿಸಿತು. ಇಷ್ಟು ವರ್ಷ ಅದರ ಜೊತೆಗೇ ಬೆಳೆದಿದ್ದರೂ ಅದು ಇತ್ತೆಂದು ನನಗೆ ತಿಳಿದದ್ದು ಆಗಲೇ. ಭಾವ ಬಾಗಿಲಿಗೆ ಹಣೆ ಹಚ್ಚಿ, ‘ಇದೇ. ಇದೇ ಕಣೇ,’ ಎಂದು ಅಳತೊಡಗಿದರು. ಅಕ್ಕ ಬಾಗಿಲು ಪೂರಾ ತೆರೆದು, ಮೇಣ ಕೆಟ್ಟೀತೆಂದು ತುಟಿ ಬಿಗಿಹಿಡಿದು, ಅವರ ಬೆನ್ನು ಸವರಿದಳು.

ಆ ಮೇಣದ ಅಳತೆಯಲ್ಲೇ ಭಾವ ಗಟ್ಟಿ ಹಲ್ಲು ಮಾಡಿಕೊಟ್ಟ ಮೇಲೆ ಅಕ್ಕ ಮರಳಿ ಮೈಕ್ ಮುಂದೆ ಕೂತಳು. ಲೋಟ ಮತ್ತೆ ನಡುಗತೊಡಗಿತು. ಗುಳಿಕೆನ್ನೆಯ ಸೆಟ್ಟನ್ನು ಭಾವ ಎಸೆಯಲು ಹೊರಟಾಗ ಅಕ್ಕ, ‘ಇರ್ಲಿ ಬಿಡ್ರೀ, ನನ್ನ ಸವತಿ ಒಂದು ಮೂಲೇಲಿ ಬಿದ್ದಿರ್ಲಿ,’ ಎಂದು ಡಬ್ಬಿ ಕಿತ್ತುಕೊಂಡಳು.

ಮೊನ್ನೆ ಗುಳಿಕೆನ್ನೆಯ ಹೊಸ ಸಿನಿಮಾ ಟಿವಿಯಲ್ಲಿ ಬಂತು. ಭಾವ ಕುರ್ಚಿಯನ್ನು ಮುಂದೆ ಎಳೆದುಕೊಂಡು ಅವಳ ನಗುವಿಗೆ ಕಾಯುತ್ತ ಕೂತಿದ್ದರು. ಅಷ್ಟರಲ್ಲಿ ಅಕ್ಕ ಒಳಗಿನಿಂದ ಬಂದು ಟಿವಿಗೆ ಅಡ್ಡ ನಿಂತು, ಸೊಂಟದ ಮೇಲೆ ಕೈಯಿಟ್ಟು, ಡಬ್ಬಿಯಲ್ಲಿದ್ದ ಆ ಸಾಲು ಹಲ್ಲನ್ನು ಪೂರಾ ಬಿಟ್ಟು ನಕ್ಕಳು. ‘ಏನ್ರೀ, ಯಾರು ಬಂದಿದಾರೆ ನೋಡಿ!’

ಭಾವ ಒಂದು ಕ್ಷಣ ನೋಡಿದರು. ಎದ್ದು ಟಿವಿ ಆರಿಸಿದರು.

‘ತೆಗಿಯೇ ಅದನ್ನ,’ ಎಂದರು. ‘ನಿನ್ನ ಹಲ್ಲು ಹಾಕ್ಕೊಂಡು ಬಾ.’