ರೀಲಿಂಗ್ ಅಂದರೆ ರೀಲ್ಸ್ ಅಲ್ಲ ಸ್ವಾಮಿ

ರಾಮನಗರದಲ್ಲಿ ಯಾರನ್ನಾದರೂ ನಿಲ್ಲಿಸಿ ‘ರೀಲಿಂಗ್’ ಅಂದರೇನು ಎಂದು ಕೇಳಿ. ಆಟೋದವನೂ ಹೇಳುತ್ತಾನೆ, ಟೀ ಅಂಗಡಿಯವನೂ ಹೇಳುತ್ತಾನೆ: ರೇಷ್ಮೆ ಗೂಡನ್ನು ಬಿಸಿನೀರಿಗೆ ಹಾಕಿ ನೂಲು ಬಿಚ್ಚುವ ಕೆಲಸ. ಇಡೀ ಊರಿಗೆ ಗೊತ್ತಿರುವ ಈ ಒಂದು ಮಾತು ವಿಶ್ವವಿದ್ಯಾಲಯದ ಉದ್ದನೆಯ ಮೇಜಿನ ಸುತ್ತ ಕೂತವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದರೆ ಹೋಗಲಿ, ಒಂದು ಫೋನ್ ಮಾಡಿ ಕೇಳಬಹುದಿತ್ತು. ಕೇಳಿದ್ದರೆ ಅವರಪ್ಪನ ಮನೆ ಗಂಟೇನು ಹೋಗುತ್ತಿತ್ತು?

ನಾನು ಇಲ್ಲಿನ ಕಾಲೇಜೊಂದರಲ್ಲಿ ರೇಷ್ಮೆ ಕೃಷಿಯ ಪಾಠ ಹೇಳುವವಳು. ಕೈಲಾಂಚದ ಕಡೆ ಹಿಪ್ಪುನೇರಳೆ ಸೊಪ್ಪು ಕುಯ್ದು ಬೆಳೆದವಳು. ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಅವಳ ಅಪ್ಪನದು ಮನೆಯ ಹಿಂದೆಯೇ ಸಣ್ಣದೊಂದು ರೀಲಿಂಗ್ ಯೂನಿಟ್. ಅಮ್ಮನ ಬೆರಳುಗಳು ಬಿಸಿನೀರಲ್ಲಿ ನೆನೆದು ನೆನೆದು ಹುಣ್ಣಾದ ಮೇಲೆ, ಬೆಳಗಿನ ಹೊತ್ತು ನೂಲು ಬಿಚ್ಚುವ ಬೇಸಿನ್ ಮುಂದೆ ಇವಳೇ ಕೂರಬೇಕಾಯಿತು. ಹಾಗಾಗಿ ಬೆಳಗಿನ ಕ್ಲಾಸುಗಳಿಗೆಲ್ಲ ಚಕ್ಕರ್. ಹಾಜರಾತಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಒಂದು ವರ್ಷ ಹೋದರೆ ಇವಳನ್ನು ಮತ್ತೆ ಕಾಲೇಜಿಗೆ ಕಳಿಸುವುದಿಲ್ಲ ಎಂದು ಮನೆಯಲ್ಲಿ ಆಗಲೇ ಹೇಳಿಬಿಟ್ಟಿದ್ದರು.

ಕರೆದು ಗದರಿಸಿದಾಗ ಅವಳು ತಲೆ ತಗ್ಗಿಸಲಿಲ್ಲ.

“ನಾನ್ ಅಲ್ಲಿ ಮಾಡೋದೂ ಇದೇ ಸಬ್ಜೆಕ್ಟ್ ಅಲ್ವಾ ಮೇಡಂ? ನೀವ್ ಬೋರ್ಡ್ ಮೇಲೆ ಬೇಸಿನ್ ಚಿತ್ರ ಬರೀತೀರ. ಅಲ್ಲಿ ಬೇಸಿನ್ನೇ ಐತೆ” ಎಂದಳು.

ಹುಡುಗಿ ಹೇಳಿದ್ದರಲ್ಲಿ ತಪ್ಪೇನಿತ್ತು? ಆ ವಾರವೇ ಕೂತು ಪ್ರಸ್ತಾವನೆ ಬರೆದೆ. ‘ರೀಲಿಂಗ್ ಕೌಶಲ’ ಎಂದು ಪಠ್ಯಕ್ರಮಕ್ಕೆ ಒಂದು ಹೊಸ ಪತ್ರಿಕೆ. ಮಕ್ಕಳು ಊರಿನ ಯೂನಿಟ್‌ಗಳಲ್ಲೇ ಕೆಲಸ ಕಲಿಯಬೇಕು, ಮೇಷ್ಟ್ರು ಅಲ್ಲಿಗೇ ಹೋಗಿ ನೋಡಬೇಕು, ಆ ಹೊತ್ತನ್ನು ಹಾಜರಾತಿಗೆ ಹಿಡಿಯಬೇಕು.

ಆಮೇಲೆ ಶುರುವಾಯಿತು ಮೆರವಣಿಗೆ. ಒಂದು ಪತ್ರಿಕೆ ಸೇರಿಸಬೇಕೆಂದರೆ ಮೊದಲು ಅಧ್ಯಯನ ಮಂಡಳಿ ಒಪ್ಪಬೇಕು. ಅಲ್ಲಿಂದ ನಿಕಾಯ. ಅಲ್ಲಿಂದ ವಿದ್ಯಾವಿಷಯಕ ಪರಿಷತ್ತು. ಅದರ ಮೇಲೆ ಸಿಂಡಿಕೇಟ್. ಅಧ್ಯಯನ ಮಂಡಳಿಯಲ್ಲಿ ನಮ್ಮ ವಿಷಯದವರೇ ಇದ್ದರು, ಖುಷಿಯಿಂದಲೇ ಒಪ್ಪಿದರು. ಅಲ್ಲಿಂದ ಮೇಲೆ ಹೋದದ್ದೇ ತಡ, ಒಂದು ಸಲ ಕೋರಂ ಇಲ್ಲ, ಒಂದು ಸಲ ಅಧ್ಯಕ್ಷರು ಊರಲ್ಲಿಲ್ಲ, ಇನ್ನೊಂದು ಸಲ ಚುನಾವಣೆ ನೀತಿ ಸಂಹಿತೆ. ಫೋನ್ ಮಾಡಿದಾಗಲೆಲ್ಲ ಗುಮಾಸ್ತರದು ಒಂದೇ ರಾಗ: “ಫೈಲ್ ಮೂವ್ ಆಗೈತೆ ಮೇಡಂ.” ಎಲ್ಲಿಗೆ ಮೂವ್ ಆಗಿದೆ ಎಂದು ಕೇಳಿದರೆ ಫೋನ್ ಕಟ್. ಈ ಹುಡುಗಿ ಮಾತ್ರ ಕಾರಿಡಾರಿನಲ್ಲಿ ಕಂಡಾಗಲೆಲ್ಲ, “ಬಂತಾ ಮೇಡಂ?” ಎನ್ನುತ್ತಿದ್ದಳು. ನಾನು “ಬತ್ತದೆ, ಬತ್ತದೆ” ಎನ್ನುತ್ತಿದ್ದೆ.

ಬಂತು! ಆದೇಶ ಕೈಗೆ ಬಂದಾಗ ಓದಿ, ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ. ‘ರೀಲ್ಸ್ ತಯಾರಿಕಾ ಕೌಶಲ. ಪತ್ರಿಕೋದ್ಯಮ ವಿಭಾಗಕ್ಕೆ ವರ್ಗಾಯಿಸಲಾಗಿದೆ.’ ಅಂದರೆ ಮೊಬೈಲಿನಲ್ಲಿ ಕುಣಿಯುತ್ತಾರಲ್ಲ, ಆ ರೀಲ್ಸು! ಅಯ್ಯೋ ನಿಮ್ಮ ಮನೆ ಕಾಯ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಬೈದೆ. ಒಳಗಿನ ಪುಟಗಳಲ್ಲಿ ಗೂಡು, ನೂಲು, ಬಿಸಿನೀರು ಎಂದು ಬಿಡಿಸಿ ಬಿಡಿಸಿ ಬರೆದಿದ್ದೆ. ತಲೆಬರಹದಿಂದ ಕೆಳಗೆ ಒಬ್ಬರ ಕಣ್ಣೂ ಇಳಿದಿಲ್ಲ.

ವಿಶ್ವವಿದ್ಯಾಲಯದ ಅಧಿಕಾರಿಗೆ ಫೋನ್ ಮಾಡಿದೆ. “ಈಗಿನ ಮಕ್ಕಳಿಗೆ ಒಳ್ಳೇ ಸಬ್ಜೆಕ್ಟ್ ಮೇಡಂ. ಪರಿಷತ್ತಿನಲ್ಲಿ ಎಲ್ಲರೂ ಮೇಜು ತಟ್ಟಿದರು” ಎಂದರು.

“ಸ್ವಾಮಿ, ಅದು ರೇಷ್ಮೆ. ರೇಷ್ಮೆ ನೂಲು ಬಿಚ್ಚೋದು!”

“ಓಹ್. ಆದರೆ ಅಂಗೀಕಾರ ಆದಮೇಲೆ ನಾವು ಒಂದಕ್ಷರಾನೂ ತಿದ್ದೋ ಹಾಗಿಲ್ಲ. ಅಧ್ಯಯನ ಮಂಡಳಿಯಿಂದ ಹೊಸದಾಗಿ ಬರಲಿ.”

ಇದಕ್ಕೆ ಏನನ್ನಬೇಕು ಹೇಳಿ. ಕೆಡಿಸುವಾಗ ಯಾವ ಮಂಡಳಿಯೂ ಬೇಕಾಗಲಿಲ್ಲ, ಮೇಜು ತಟ್ಟಿದರೆ ಸಾಕಾಯಿತು. ಸರಿಮಾಡಲು ಮಾತ್ರ ನಾಲ್ಕೂ ಮೆಟ್ಟಿಲು ಮತ್ತೆ ಹತ್ತಬೇಕಂತೆ. ನನಗೆ ಮೈಯೆಲ್ಲ ಉರಿದುಹೋಯಿತು.

ಪರೀಕ್ಷೆಗೆ ಮುಂಚೆ ನೋಟಿಸ್ ಬೋರ್ಡಿಗೆ ಹಾಜರಾತಿ ಕೊರತೆಯವರ ಹೆಸರು ಹಾಕಿದರು. ಹುಡುಗಿಯ ಹೆಸರೂ ಇತ್ತು. ಪ್ರಿನ್ಸಿಪಾಲರ ಹತ್ತಿರ ಜಗಳವಾಡಿದೆ. ಅವರು ನಿಯಮ ತೋರಿಸಿದರು. ಸಂಜೆ ಅವಳ ಅಪ್ಪ ಬಂದರು. ಬಯ್ಯುತ್ತಾರೆಂದು ಕಾದಿದ್ದೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು. “ಬಿಡಿ ಮೇಡಂ, ನೀವಾದ್ರೂ ಇಷ್ಟ್ ಓಡಾಡಿದ್ರಲ್ಲ” ಎಂದು ಹೇಳಿ, ಮಗಳ ಸರ್ಟಿಫಿಕೇಟುಗಳನ್ನು ವಾಪಸ್ ತೆಗೆದುಕೊಂಡು ಹೋದರು.

ಮುಂದಿನ ಸೆಮಿಸ್ಟರಿಗೆ ಆ ರೀಲ್ಸ್ ಪತ್ರಿಕೆ ನಮ್ಮ ಕಾಲೇಜಿನಲ್ಲೂ ಶುರುವಾಯಿತು. ಮಕ್ಕಳೆಲ್ಲ ಸೇರಿ ಆರಿಸಿಕೊಂಡ ವಿಷಯ ಏನು ಗೊತ್ತೇ? ‘ನಮ್ಮೂರ ರೇಷ್ಮೆ.’ ಪ್ರಸ್ತಾವನೆ ನನ್ನದೇ ಆದ್ದರಿಂದ ಮಕ್ಕಳ ಜೊತೆ ನಾನೇ ಹೋಗಬೇಕೆಂದು ಪ್ರಿನ್ಸಿಪಾಲರ ಅಪ್ಪಣೆಯಾಯಿತು. ಯೂನಿಟ್ಟನ್ನು ಗೊತ್ತುಮಾಡಿದ್ದೂ ಮಕ್ಕಳೇ. ಗೇಟಿನ ಹತ್ತಿರ ಹೋಗುವವರೆಗೂ ನನಗೆ ಅದು ಯಾರದೆಂದು ಗೊತ್ತಿರಲಿಲ್ಲ.

ಒಳಗೆ ಹಬೆ, ಬೆಂದ ಗೂಡಿನ ಆ ವಾಸನೆ. ಬೇಸಿನ್ ಮುಂದೆ ದುಪಟ್ಟಾ ಬಿಗಿದು ಕಟ್ಟಿಕೊಂಡು ಅವಳು ಕೂತಿದ್ದಳು. ನನ್ನನ್ನು ನೋಡಿ ನಕ್ಕಳು. ಅವಳ ಬೆರಳ ತುದಿಗಳೂ ಅಮ್ಮನ ಬೆರಳುಗಳ ಹಾಗೇ ನೆನೆದು ನೆನೆದು ಬೆಳ್ಳಗೆ ಸುಕ್ಕುಗಟ್ಟಿದ್ದವು. ಮಕ್ಕಳು ಸುತ್ತಲೂ ನಿಂತು ಮೊಬೈಲ್ ಹಿಡಿದರು.

“ಅಕ್ಕ, ಒಸಿ ನಿಧಾನಕ್ಕೆ ಎಳೀರಿ. ಎಳೆ ಕಾಣಿಸ್ಬೇಕು, ಇದಕ್ಕೆ ಮಾರ್ಕ್ಸ್ ಐತೆ” ಎಂದಳು ಒಬ್ಬಳು.

ಹುಡುಗಿ ಕೈ ನಿಲ್ಲಿಸಿ ನನ್ನ ಕಡೆ ತಿರುಗಿದಳು.

“ಇದಕ್ಕೆ ಮಾರ್ಕ್ಸ್ ಬಂತಾ ಮೇಡಂ? ಯಾರಿಗೆ?”