ಮಿತಿ ಹೇಳಿಸಿ ಗುಂಡಿ ಒತ್ತಿಸಿದ ಗುರುಗಳು

ಮೊನ್ನೆ ಬೆಳಿಗ್ಗೆ ಬಕೆಟ್ಟಿನ ಬಟ್ಟೆಗಳನ್ನು ಅರ್ಧ ಹಿಂಡಿದ್ದೆನಷ್ಟೆ, ಗುರುಗಳ ಫೋನು ಬಂತು. ಹೊಸ ಪೆಟ್ಟಿಗೆ ಸಿದ್ಧವಾಗಿದೆ, ಮಗಳನ್ನು ಕರೆದುಕೊಂಡು ಈಗಲೇ ಬಾ ಎಂದರು. ವಾರ ಕಳೆದರೆ ನಿವೃತ್ತರಾಗುವ ಹಿರಿಯರ ದನಿ ಖುಷಿಗೆ ನಡುಗುತ್ತಿತ್ತು. ಉಳಿದ ಬಟ್ಟೆಗಳನ್ನು ನೀರಿನಲ್ಲೇ ಬಿಟ್ಟು, ಮಗಳೊಂದಿಗೆ ಪಾಲಿಟೆಕ್ನಿಕ್ಕಿಗೆ ಓಡಿದೆ.

ಹವ್ಯಾಸಕ್ಕಾಗಿ ಎಲೆಕ್ಟ್ರಾನಿಕ್ಸ್ ಕಲಿಯುವವರ ನಡುವೆ ‘ವೋಲ್ಟ್ ಮೇಷ್ಟ್ರು’ ಎಂದೇ ಹೆಸರಾದ ಇವರು ನಮ್ಮ ಪಾಲಿಟೆಕ್ನಿಕ್ಕಿನ ಪ್ರಯೋಗಾಲಯಕ್ಕೆ ಬಂದಾಗ, ಪ್ರಯೋಗಗಳಿಗೆ ಕರೆಂಟು ಒದಗಿಸುವ ಭಾರಿ ಪವರ್ ಸಪ್ಲೈ ಮೇಜಿಗೊಂದು ಇತ್ತು; ಅದು ಕೆಟ್ಟರೆ ಆ ಮೇಜಿನವರಿಗೆಲ್ಲ ರಜೆ. ಅದನ್ನು ಬಿಡಿಬಿಡಿ ಪೆಟ್ಟಿಗೆಗಳಾಗಿ ಮಾಡಿದವರು ಇವರು. ಬೇಕಾದಷ್ಟನ್ನು ಒಂದಕ್ಕೊಂದು ಜೋಡಿಸಿಕೊಂಡು, ಎಷ್ಟು ವೋಲ್ಟ್ ಬೇಕು, ಕರೆಂಟು ಎಷ್ಟಕ್ಕಿಂತ ಹೆಚ್ಚು ಹರಿಯಬಾರದು ಎಂಬುದನ್ನು ಮೊದಲೇ ನಿಗದಿ ಮಾಡಿಡಬಹುದಾದ ಆ ಪೆಟ್ಟಿಗೆಗಳು ಇಂದು ಎಷ್ಟೋ ಮನೆಗಳ ಊಟದ ಮೇಜಿನ ಮೇಲೂ ಕೂತಿವೆ. ಗುಂಡಿ ಒತ್ತುವ ಮೊದಲು ಕರೆಂಟಿನ ಮಿತಿಯನ್ನು ಬಾಯಿಬಿಟ್ಟು ಹೇಳಬೇಕು, ಕೇಳದ ಪ್ರಶ್ನೆಗೆ ಉತ್ತರವಿಲ್ಲ: ಅವರ ಕೋಣೆಯ ಕಾನೂನುಗಳು ಇವೆರಡೇ.

ಹಸುಗೂಸನ್ನು ಎತ್ತಿಕೊಂಡು ನಾನು ಕೊನೆಯ ವರ್ಷದ ಪ್ರಾಜೆಕ್ಟಿಗೆ ಬಂದಾಗ, ಓದು ಸಾಕು ಎಂದವರೇ ಹೆಚ್ಚು. ಗುರುಗಳು ಉಪಕರಣ ಬಂದಿದ್ದ ರಟ್ಟಿನ ಡಬ್ಬಕ್ಕೆ ಹಳೆಯ ಪರದೆ ಹಾಸಿ ಮಗುವನ್ನು ಮಲಗಿಸಿದರು. ಕಾಲಿನಿಂದ ಡಬ್ಬವನ್ನು ಮೆಲ್ಲಗೆ ಅಲುಗಿಸುತ್ತ, ಕೈಯಲ್ಲಿ ಬೆಸುಗೆ ಹಾಕುತ್ತ, ತರಗತಿಯಲ್ಲಿ ನಿದ್ದೆ ಮಾಡಲು ಅನುಮತಿ ಇರುವುದು ಇವಳೊಬ್ಬಳಿಗೇ ಎಂದು ಉಳಿದವರನ್ನು ಎಚ್ಚರಿಸಿದರು.

ಆ ಮಗು ಈಗ ಐದನೇ ತರಗತಿ. ಕಳೆದ ವರ್ಷ ಶಾಲೆಯಲ್ಲಿ ಇವಳ ಪ್ರಶ್ನೆಗೆ ತರಗತಿಯೆಲ್ಲ ನಕ್ಕಿತು. ಅಂದಿನಿಂದ ಇವಳ ಅನುಮಾನಗಳೆಲ್ಲ ನನ್ನ ಕಿವಿಗೆ. ಇವಳ ಪರವಾಗಿ ಕೇಳುವ ಬಾಯಿ ನನ್ನದು. ಹೀಗೇ ಮುಂದುವರಿದರೆ ಇವಳು ಕೇಳುವುದನ್ನೇ ಮರೆತಾಳು ಎಂಬ ಭಯ ನನಗೆ.

ಮೊನ್ನೆ ಹೊಸ ಪೆಟ್ಟಿಗೆಗೆ ತನ್ನ ಪುಟ್ಟ ಫ್ಯಾನು ಜೋಡಿಸಿದಳು. ಐದು ವೋಲ್ಟ್ ಇಟ್ಟಳು. ಎಲ್ಲಿ ಸುಟ್ಟೀತೋ ಎಂಬ ಹೆದರಿಕೆಗೆ ಮಿತಿಯನ್ನು ತೀರಾ ಕಡಿಮೆ ಇಟ್ಟು, ಅದನ್ನು ಗೊಣಗಿ, ಗುಂಡಿ ಒತ್ತಿದಳು. ಫ್ಯಾನು ಒಮ್ಮೆ ನಡುಗಿ ನಿಂತಿತು. ಕೆಂಪು ದೀಪ ಹತ್ತಿತು. ಪೆಟ್ಟಿಗೆಯ ಪುಟ್ಟ ಪರದೆಯಲ್ಲಿ ವೋಲ್ಟ್ ಐದರಿಂದ ಸರ್ರನೆ ಎರಡಕ್ಕಿಳಿಯಿತು. ನನ್ನ ತೋಳು ಜಗ್ಗಿದಳು. ನಾನು ಬಾಯಿ ತೆರೆದೆ.

“ನೀನು ಸುಮ್ನಿರಮ್ಮ, ನಿನ್ನ ಪಾಲಿನ ಪ್ರಶ್ನೆಗಳನ್ನೆಲ್ಲ ನೀನು ಆಗ್ಲೇ ಕೇಳಿ ಮುಗಿಸಿದ್ದೀಯ,” ಎಂದರು ಗುರುಗಳು. ಕನ್ನಡಕ ಒರೆಸಿದರು. ಹಾಕಿಕೊಂಡರು. ಮತ್ತೆ ತೆಗೆದು ಒರೆಸಿದರು. ಕರೆಂಟು ಮಿತಿ ಮುಟ್ಟಿದ್ದಕ್ಕೆ ಪೆಟ್ಟಿಗೆಯೇ ವೋಲ್ಟ್ ಇಳಿಸಿದೆ ಎಂಬ ಉತ್ತರ ನನ್ನ ನಾಲಗೆಯ ತುದಿಯಲ್ಲೇ ಕುಣಿಯುತ್ತಿತ್ತು, ಕಚ್ಚಿ ಹಿಡಿದೆ.

ಒಂದು ಮಗುವಿಗಾಗಿ ಇಷ್ಟು ಕಾಯಬಲ್ಲ ಗುರುಗಳಿಗೆ ನೂರು ತುಂಬಲಿ, ನಿವೃತ್ತಿಯ ನಂತರ ಅವರ ಮನೆಯ ಹಿತ್ತಿಲ ಕೋಣೆಯಲ್ಲಿ ಇನ್ನೆಷ್ಟೋ ಪೆಟ್ಟಿಗೆಗಳು ಹುಟ್ಟಲಿ ಎಂದು ನಾನು ಹಾರೈಸಿದ್ದು ಅಲ್ಲಿಯೇ, ಆ ಮೇಜಿನ ಪಕ್ಕದಲ್ಲೇ. ಅಷ್ಟರಲ್ಲಿ ತೋಳಿನ ಮೇಲಿದ್ದ ಪುಟ್ಟ ಹಿಡಿತ ಸಡಿಲವಾಯಿತು.

“ತಾತ, ನಾನು ಐದೇ ಇಟ್ಟಿದ್ದೆ. ಇದ್ಯಾಕೆ ಎರಡಕ್ಕಿಳೀತು?”