ಎತ್ತರದಿಂದ ಹಾಕಿದ ಭಕ್ಷೀಸು

ಕೆಂಚಪ್ಪನನ್ನು ಹಿಡಿದುಕೊಟ್ಟವನು ನಾನು. ಯಾರೂ ನನ್ನ ಮೇಲೆ ಆ ಮಾತು ಹೊರಿಸಿಲ್ಲ. ಅದನ್ನು ಕಂಡ ಹೊನ್ನಾಳಿಯವರಿಗೆ ನನ್ನ ಹೆಸರೂ ನೆನಪಿರಲಾರದು. ಆದರೆ ಆ ಬೆಳಿಗ್ಗೆ ಕಾಫಿ ಕ್ಲಬ್ಬಿನಲ್ಲಿ ನನ್ನ ಬಲಗೈ ಮಾಡಿದ್ದು, ಅದರ ಹಿಂದೆಯೇ ನನ್ನ ಬಾಯಿ ಆಡಿದ್ದು — ಎರಡೂ ನನ್ನವೇ. ಕೈಯದು ಬರಿಯ ಅಭ್ಯಾಸ ಎಂದು ಬಹಳ ವರ್ಷ ಸಮಾಧಾನ ಹೇಳಿಕೊಂಡೆ. ಬಾಯಿಯದು?

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ಮಾತು. ಮೈಸೂರಿನಲ್ಲಿ ಬಿ.ಎ. ಮುಗಿಸಿ ನ್ಯಾಮತಿಯಲ್ಲಿ ಮೇಷ್ಟರಾಗಿದ್ದೆ. ಕಾಲೇಜಿನಲ್ಲಿ ಅಸ್ಪೃಶ್ಯತೆಯ ವಿರುದ್ಧ ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸಿದವನು. ಭಾನುವಾರ ಬೆಳಿಗ್ಗೆ ಬಸ್ಸು ಹಿಡಿದು ಹೊನ್ನಾಳಿಗೆ ಬರುವುದು, ಹೊಳೆಯಲ್ಲಿ ಈಜುವುದು, ಆಮೇಲೆ ಭಟ್ಟರ ಕ್ಲಬ್ಬಿನಲ್ಲಿ ದೋಸೆ ತಿನ್ನುವುದು — ಒಂಟಿ ಮೇಷ್ಟರ ಸುಖ ಅಷ್ಟೇ. ಕ್ಲಬ್ಬಿನ ಒಳಕೋಣೆ ಬ್ರಾಹ್ಮಣರಿಗೆ, ಹೊರಗಿನ ಜಗುಲಿ ಉಳಿದವರಿಗೆ. ಬಡಿಸುವವನಂತೂ ಬ್ರಾಹ್ಮಣನೇ ಆಗಿರಬೇಕು. ನಾನು ಒಳಗೆ ಕೂರುತ್ತಿದ್ದೆ. ಭಾಷಣಕ್ಕೂ ಕೂರುವ ಜಾಗಕ್ಕೂ ಏನು ಸಂಬಂಧ ಎಂದು ಕೇಳಿಕೊಂಡ ನೆನಪಿಲ್ಲ.

ಒಂದು ಭಾನುವಾರ ಹೊಸ ಮಾಣಿ ಬಡಿಸುತ್ತಿದ್ದ. ವಾಸುದೇವನಂತೆ, ಕುಂದಾಪುರದ ಕಡೆಯವನಂತೆ. ಮೂವತ್ತರ ಹತ್ತಿರದ ವಯಸ್ಸು, ಎದೆಯ ಮೇಲೆ ಜನಿವಾರ. ಜಗುಲಿಯಲ್ಲಿ ಕೂತಿದ್ದ ಜಗಳೂರಿನ ಕಂಬಳಿ ಸಾಬರು ಲೋಟ ಎತ್ತಿ ಹಿಡಿದು ರೇಗಿಸುತ್ತಿದ್ದರು: "ಏನಪ್ಪಾ ವಾಸುದೇವ, ಒಳಗಿನೋರಿಗೆ ಹಾಲು, ಹೊರಗಿನೋರಿಗೆ ಹೊಳೆ ನೀರಾ?"

"ಹೊರಗೆ ಗಾಳಿ ಪುಕ್ಕಟೆ ಉಂಟಲ್ಲ ಸಾಬ್ರೇ, ಅದಕ್ಕೆ ಲೆಕ್ಕ ಬೇಡವಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ — ಆಗ ಅವನ ಎಡಹುಬ್ಬನ್ನು ಸೀಳಿದ ಗಾಯದ ಗುರುತು ಕಂಡಿತು. ಅದು ಉಬ್ರಾಣಿಯಲ್ಲಿ ನಮ್ಮ ಎತ್ತು ಹಾಯ್ದು ಆದ ಗಾಯ. ಅವನು ನಮ್ಮೂರ ಹರಿಜನ ಕೇರಿಯ ಹನುಮಕ್ಕನ ಮಗ, ನಾನು ಚಿಕ್ಕವನಿದ್ದಾಗ ನಮ್ಮ ಹೊಲದಲ್ಲಿ ದುಡಿಯುತ್ತಿದ್ದ ಕೆಂಚಪ್ಪ. ಆ ಮಾತು, ಆ ನಡಿಗೆ ಎಲ್ಲಿ ಕಲಿತನೋ.

ಅವನೂ ನನ್ನನ್ನು ಗುರುತು ಹಿಡಿದಿದ್ದ. ನೀರಿನ ಲೋಟ ಇಡಲು ಬಗ್ಗಿದವನು ಊರ ಮಾತಿನಲ್ಲೇ ಪಿಸುಗುಟ್ಟಿದ: "ಸ್ವಾಮೇರೇ, ಹೊಟ್ಟೆ ಮ್ಯಾಲೆ ಹೊಡೀಬ್ಯಾಡ್ರಿ. ಅವ್ವಗೆ ಕಳ್ಸಾಕೆ ಈಗೀಗ ಕೈಯಾಗೆ ಒಂದಿಷ್ಟು ಉಳೀತೈತೆ."

ನಾನು ತಲೆಯಾಡಿಸಿದೆ. ಆ ನೀರನ್ನು ಕುಡಿದೆ. ಕುಡಿದದ್ದಕ್ಕೆ ನನ್ನ ಬಗ್ಗೆ ನನಗೇ ಹೆಮ್ಮೆಯಾಯಿತು.

ಕೆಲವು ಭಾನುವಾರಗಳು ಹಾಗೇ ಕಳೆದವು. ನನ್ನ ದೋಸೆಗೆ ಬೆಣ್ಣೆ ಹೆಚ್ಚು. ಮೊದಲೇ ಬಂದು ಕೂತವರನ್ನು ಬಿಟ್ಟು ಕಾಫಿ ನನ್ನ ಮುಂದಕ್ಕೆ. ನಾನು ಬೇಡ ಎನ್ನಲಿಲ್ಲ. ಬಡಿಸುವಾಗೆಲ್ಲ ಅವನ ಕಣ್ಣು ಒಮ್ಮೆ ನನ್ನ ಮುಖವನ್ನು ತಡವಿ ಹೋಗುತ್ತಿತ್ತು, ಆಗ — ಹೇಗೆ ಹೇಳಲಿ — ಹಿತವಾಗುತ್ತಿತ್ತು. ಸುಮ್ಮನಿರುವುದಕ್ಕೆ ನಾನೇ ಅವನಿಂದ ಭಕ್ಷೀಸು ತೆಗೆದುಕೊಳ್ಳುತ್ತಿದ್ದೆ. ಇದು ಆಗ ಹೊಳೆಯಲಿಲ್ಲ. ಹೊಳೆದಿತ್ತೋ ಏನೋ, ಆ ಕಾಲದ ನನ್ನನ್ನು ನಾನು ಅಷ್ಟು ನಂಬುವುದಿಲ್ಲ.

ಕೊನೆಗೆ ಆ ದಿನ. ನನ್ನ ನೌಕರಿ ಖಾಯಂ ಆಗಿತ್ತು. ಉದಾರವಾಗಿರಬೇಕು ಅನ್ನಿಸಿತು. ಗಲ್ಲಾದ ಮುಂದೆ ನಿಂತು ಅವನನ್ನು ಕರೆದೆ, "ತಗೋ" ಎಂದೆ. ನಾಲ್ಕಾಣೆ ಅವನ ಕೈಗೆ ಬಿತ್ತು. ಬಿತ್ತು — ನಾನು ಇಡಲಿಲ್ಲ. ಬೆರಳು ತಾಗದಂತೆ, ಒಂದು ಗೇಣು ಮೇಲಿನಿಂದ ಬಿಟ್ಟೆ. ಅಪ್ಪ ನಮ್ಮ ಹಿತ್ತಲಲ್ಲಿ ಹನುಮಕ್ಕನಿಗೆ ಕೂಲಿ ಹಾಕುತ್ತಿದ್ದ ಹಾಗೆ. ಅದಕ್ಕಿಂತ ಕೆಟ್ಟದ್ದು, ಅವನ ಮೈ ಕೂಡ ನನ್ನ ಕೈಯನ್ನು ಗುರುತು ಹಿಡಿದದ್ದು. ಬೆನ್ನು ಬಾಗಿತು, ಎರಡು ಕೈ ಸೇರಿ ಬೊಗಸೆಯಾಗಿ ಕೆಳಕ್ಕಿಳಿದವು. ಆ ಒಂದು ಕ್ಷಣ ಹೊನ್ನಾಳಿಯ ಆ ಕ್ಲಬ್ಬಿನಲ್ಲಿ ವಾಸುದೇವ ಇರಲಿಲ್ಲ.

ಗಲ್ಲಾದಲ್ಲಿದ್ದ ಭಟ್ಟರು ಗಟ್ಟಿಯಾಗಿ ನಕ್ಕರು. "ಎಂಥದು ಮೇಷ್ಟ್ರೇ, ನಮ್ಮ ಮಾಣಿಗೆ ಮೇಲಿಂದ ಹಾಕಿದ್ರಲ್ಲ! ಅವ ಎಂತ ಮೈಲಿಗೆಯಾ?"

ತಮಾಷೆಯ ಮಾತು. ಒಳಕೋಣೆಯವರೂ ನಕ್ಕರು. 'ನನ್ನ ಕೈ ಎಂಜಲು ಭಟ್ಟರೇ' ಎಂದಿದ್ದರೆ ಮುಗಿಯುತ್ತಿತ್ತು. ಕೆಂಚಪ್ಪ ನನ್ನನ್ನೇ ನೋಡುತ್ತಿದ್ದ. ಆ ಸುಳ್ಳು ನನಗೆ ಹೊಳೆದಿತ್ತು. ಇದೊಂದು ಮಾತ್ರ ನನಗೆ ಖಚಿತ — ಹೊಳೆದಿತ್ತು. ಆದರೆ ನನ್ನ ಬಾಯಿಂದ ಬಂದದ್ದು:

"ಅವನು ನಮ್ಮೂರಿನವನು."

ನಗು ನಿಂತಿತು. "ನಿಮ್ಮೂರು ಉಬ್ರಾಣಿ ಅಲ್ವಾ? ಇವ ಕುಂದಾಪುರ ಅಂದಿದ್ದ," ಎಂದರು ಭಟ್ಟರು. ಆಮೇಲೆ ನಿಧಾನವಾಗಿ, "ಯಾರ ಮನೆಯವ?"

ನಾನು ನೆಲ ನೋಡಿದೆ. ಅದೇ ಉತ್ತರವಾಯಿತು.

ಕೆಂಚಪ್ಪ ನಾಲ್ಕಾಣೆಯನ್ನು ಗಲ್ಲಾದ ಮೇಲಿಟ್ಟ. ಯಾರೋ ಜನಿವಾರಕ್ಕೆ ಕೈ ಹಾಕಿ ಕಿತ್ತರು. ಹಿತ್ತಲಿಗೆ ಎಳೆದುಕೊಂಡು ಹೋದರು. ನಾನು ನಿಂತಲ್ಲಿಗೆ ಏಟಿನ ಸದ್ದು ಕೇಳುತ್ತಿತ್ತು. ಅತ್ತ ಓಡಿದವರು ಕಂಬಳಿ ಸಾಬರು ಒಬ್ಬರೇ. "ಬಿಡ್ರೀ, ಜೀವ ಹೋಗ್ತೈತೆ! ನಿನ್ನೆ ತನಕ ಇವನ ಕೈಯಾಗಿನ ಕಾಫಿ ಕುಡಿದು ಬಾಯಿ ಚಪ್ಪರಿಸ್ತಿದ್ರಲ್ಲ, ಆಗೆಲ್ಲಿ ಹೋಗಿತ್ರೀ ನಿಮ್ಮ ಮಡಿ?" ಎಂದು ಕೂಗುತ್ತಲೇ ಅವನನ್ನು ಎತ್ತಿ ತಂದು, ತಮ್ಮ ಗಾಡಿಯಲ್ಲಿ ಕಂಬಳಿಗಳ ಮೇಲೆ ಮಲಗಿಸಿದರು.

ನಾನು ಬಸ್ಸು ಹತ್ತಿದೆ. ದಿನಚರಿ ಬರೆಯುವ ಅಭ್ಯಾಸ ಆಗಲೂ ಇತ್ತು. ಆ ದಿನದ ಪುಟದಲ್ಲಿರುವುದು ಇಷ್ಟು: ಹೊನ್ನಾಳಿಗೆ ಹೋಗಿಬಂದೆ, ಹೊಳೆಯಲ್ಲಿ ನೀರು ಕಡಿಮೆ.

ಎಷ್ಟೋ ವರ್ಷಗಳ ಮೇಲೆ, ಪರೀಕ್ಷೆಯ ಕೆಲಸಕ್ಕೆಂದು ಜಗಳೂರಿಗೆ ಹೋಗಿದ್ದೆ. ಬಸ್ಸು ನಿಲ್ಲುವಲ್ಲಿ ಒಂದು ಸಾಬರ ಚಹಾದಂಗಡಿ. ಚಹಾ ತಂದವನು ತಲೆಗೆ ವಸ್ತ್ರ ಸುತ್ತಿದ್ದ, ಅದು ಹುಬ್ಬಿನವರೆಗೂ ಇಳಿದಿತ್ತು. ಕಾಸು ಕೊಡಲು ಕೈ ಚಾಚಿದೆ — ಈ ಸಲ ತಗ್ಗಿಸಿ, ಅವನ ಅಂಗೈ ಇರಬೇಕಾದಲ್ಲಿಗೇ. ಅಂಗೈ ಬರಲಿಲ್ಲ. "ಕೈಗೆ ಬ್ಯಾಡ. ಅಲ್ಲಿಡ್ರಿ ಸ್ವಾಮಿ," ಎಂದು ಮೇಜು ತೋರಿಸಿ ಒಳಗೆ ಹೋದ. ಅವನೇ? ದನಿ ಅದೇ ಅನ್ನಿಸುತ್ತದೆ. ಬೇಕೆಂದೇ ಹಾಗೆ ಅನ್ನಿಸಿಕೊಳ್ಳುತ್ತಿದ್ದೇನೆ ಎಂದೂ ಅನ್ನಿಸುತ್ತದೆ. ಎದ್ದು ಒಳಗೆ ಹೋಗಿ ಹೆಸರು ಹಿಡಿದು ಕರೆಯಬಹುದಿತ್ತು. ಕರೆಯಲಿಲ್ಲ. ಒಮ್ಮೆ ಅವನ ಗುರುತು ಹೇಳಿ ಏನಾಯಿತೆಂದು ಕಂಡವನು — ಎಂದು ಬರೆಯಹೊರಟೆ. ಸುಳ್ಳು. ಹೆದರಿದೆ, ಅಷ್ಟೇ.

ಹನುಮಕ್ಕ ಇನ್ನೂ ಇದ್ದಾಳೆ. ಮಗ ಕಳಿಸುತ್ತಿದ್ದ ಹಣ ಹೊನ್ನಾಳಿಯ ಆ ವರ್ಷದಿಂದಲೇ ನಿಂತಿತು. ರಜೆಗೆ ಊರಿಗೆ ಹೋದಾಗಲೆಲ್ಲ ನಮ್ಮ ಹಿತ್ತಲ ಬೇಲಿಯಾಚೆ ಬಂದು ನಿಲ್ಲುತ್ತಾಳೆ. "ಸಣ್ಣ ಸ್ವಾಮೇರೇ, ಊರೂರು ತಿರುಗೋರು ನೀವು. ನಮ್ಮ ಕೆಂಚನ್ನ ಎಲ್ಲಾರ ಕಂಡ್ರೇನ್ರೀ?"

"ಇಲ್ಲ ಹನುಮಕ್ಕ."

"ಕಾಣ್ತಾನೆ ಬಿಡ್ರಿ. ಹೋಟ್ಲು ಸಿಕ್ರೆ ಸಲ್ಪ ಒಳಗೆ ಇಣುಕಿ ನೋಡ್ರಿ. ಅಂಥಾ ಕಡೆ ಕೆಲಸ ಐತೆ ಅಂತ ಹೇಳ್ಕಳ್ಸಿದ್ದ."

ಈಗ ಅವಳಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಬೇಲಿಯ ಇತ್ತ ನಿಂತಿರುವವನು ನಾನೇ ಎಂದು ಕೆಮ್ಮಿನಿಂದ ತಿಳಿಯುತ್ತಾಳೆ.

ನಾಳೆ ಉಬ್ರಾಣಿಗೆ ಹೋಗುತ್ತೇನೆ. ಬೇಲಿಯ ಹತ್ತಿರ ಅಲ್ಲ, ಕೇರಿಗೆ, ಅವಳ ಬಾಗಿಲಿಗೆ. ಕಂಡಿದ್ದೆ ಎನ್ನುವುದರಿಂದ ಶುರುಮಾಡಿ, ಬೊಗಸೆ, ಭಟ್ಟರ ಪ್ರಶ್ನೆ, ನನ್ನ ಮಾತು, ಏಟು — ಎಲ್ಲವನ್ನೂ ಹೇಳುತ್ತೇನೆ. ಜಗಳೂರಿನ ಅಂಗಡಿಯ ಗುರುತನ್ನೂ ಹೇಳುತ್ತೇನೆ, ಅವನೇ ಎಂಬ ಭರವಸೆ ಇಲ್ಲ ಎನ್ನುವುದನ್ನೂ ಸೇರಿಸಿ. ಅವಳು ಶಪಿಸಲಿ, ಬಾಗಿಲು ಹಾಕಿಕೊಳ್ಳಲಿ. ಒಂದು ಎಚ್ಚರ ಮಾತ್ರ ಬೇಕು: ಅವಳು ಕೇಳುವುದಕ್ಕೆ ಮೊದಲೇ ಹೇಳಿಬಿಡಬೇಕು. ಅವಳು ಕೇಳಿಬಿಟ್ಟರೆ ನನ್ನ ಬಾಯಿ ಅಭ್ಯಾಸದಿಂದ 'ಇಲ್ಲ' ಎಂದುಬಿಡುತ್ತದೆ.